ಅಪ್‌ಡೇಟ್ ಆದ ಮರುದಿನ



ನಿನ್ನೆ ರಾತ್ರಿವರೆಗೆ ಚೆನ್ನಾಗಿಯೇ ಇದ್ದ ಬ್ರೌಸರ್ ಇವತ್ತು ತೆರೆದರೆ ಬರೀ ಬಿಳಿ ಪುಟ. ಅಥವಾ ತೆರೆಯುತ್ತದೆ, ಆದರೆ ವರ್ಷಗಟ್ಟಲೆ ಕೂಡಿಟ್ಟುಕೊಂಡ ಬುಕ್‌ಮಾರ್ಕ್‌ಗಳಲ್ಲಿ ಒಂದೂ ಕಾಣುವುದಿಲ್ಲ. ಬ್ಯಾಂಕಿನ ಪುಟಕ್ಕೆ ಹೋದರೆ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ. ಏನಾಯಿತೆಂದು ಹುಡುಕಿದರೆ ಸಿಗುವ ಸುಳಿವು ಒಂದೇ: ಬ್ರೌಸರ್ ತಾನಾಗಿಯೇ ಅಪ್‌ಡೇಟ್ ಆಗಿದೆ. ಮಗಳ ಸ್ಕಾಲರ್‌ಶಿಪ್ ಅರ್ಜಿಗೆ ಅಂದೇ ಕೊನೆಯ ದಿನವಾಗಿರುವ ತಾಯಿಗೆ, ಸಂಜೆ ಐದರೊಳಗೆ ಟೆಂಡರ್ ಹಾಕಬೇಕಾದ ಗುತ್ತಿಗೆದಾರರಿಗೆ, ಗ್ರಾಮ ಒನ್ ಕೇಂದ್ರದಲ್ಲಿ ಸಾಲು ನಿಂತವರಿಗೆಲ್ಲ ಉತ್ತರ ಹೇಳಬೇಕಾದ ಹುಡುಗನಿಗೆ ಇದು ಸಣ್ಣ ತೊಂದರೆಯೇನಲ್ಲ.

ಇಂಥ ಹೊತ್ತಿನಲ್ಲಿ ನಮ್ಮ ಊರುಗಳಲ್ಲಿ ಕೇಳಿಬರುವ ಸಲಹೆಗಳು ಎರಡು. ಮೊದಲನೆಯದು, “ತೆಗೆದು ಮತ್ತೆ ಹಾಕಿ ನೋಡಿ ಸಾರ್, ಆಗದಿದ್ದರೆ ಫಾರ್ಮ್ಯಾಟ್ ಹೊಡೆದುಬಿಡೋಣ.” ಎರಡನೆಯದು, “ಇನ್ನು ಮುಂದೆ ಅಪ್‌ಡೇಟೇ ಆಗದ ಹಾಗೆ ಮಾಡಿಕೊಡ್ತೀನಿ ಬಿಡಿ.” ಕೆಟ್ಟ ಅಪ್‌ಡೇಟ್‌ಗಳಿಂದ ಜನರಿಗೆ ಆಗಿರುವ ನಷ್ಟಕ್ಕಿಂತ ಈ ಎರಡು ಸಲಹೆಗಳಿಂದ ಆಗಿರುವ ನಷ್ಟವೇ ದೊಡ್ಡದು ಎಂದು ನಾನು ನಂಬಿದ್ದೇನೆ. ಹಾಗೇಕೆ ಎನ್ನುವುದನ್ನೂ, ಹಾಗಾದರೆ ಮಾಡಬೇಕಾದ್ದೇನು ಎನ್ನುವುದನ್ನೂ ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ.

ನಾವು ಬ್ರೌಸರ್ ಎಂದು ಕರೆಯುವುದರಲ್ಲಿ ಎರಡು ಬೇರೆ ಬೇರೆ ಭಾಗಗಳಿವೆ. ಒಂದು, ಪ್ರೋಗ್ರಾಂ. ಇದು ಕಂಪನಿ ಬರೆದು ಕಳಿಸಿದ್ದು. ನಿಮ್ಮ ಕಂಪ್ಯೂಟರಿನಲ್ಲಿರುವುದೂ ನನ್ನದರಲ್ಲಿರುವುದೂ ಒಂದೇ. ಇನ್ನೊಂದು, ಪ್ರೊಫೈಲ್. ಇದು ನಿಮ್ಮದೇ. ನೀವು ಓಡಾಡಿದ ಪುಟಗಳು, ಗುರುತು ಹಾಕಿಟ್ಟ ವಿಳಾಸಗಳು, ಉಳಿಸಿದ ಪಾಸ್‌ವರ್ಡ್‌ಗಳು, ಸೇರಿಸಿಕೊಂಡ ಎಕ್ಸ್‌ಟೆನ್ಷನ್‌ಗಳು ಎಲ್ಲ ಅದರೊಳಗಿವೆ. ಫೈರ್‌ಫಾಕ್ಸ್‌ನ ಉದಾಹರಣೆಯನ್ನೇ ತೆಗೆದುಕೊಳ್ಳೋಣ, ಅದರ ಒಳಗನ್ನು ನೋಡುವುದು ಸುಲಭ. ಬುಕ್‌ಮಾರ್ಕ್‌ಗಳೂ ಇತಿಹಾಸವೂ ‘ಪ್ಲೇಸಸ್’ ಎಂಬ ಹೆಸರಿನ ಒಂದೇ ಫೈಲಿನಲ್ಲಿರುತ್ತವೆ. ಪಾಸ್‌ವರ್ಡ್‌ಗಳು ‘ಲಾಗಿನ್ಸ್’ ಎಂಬ ಫೈಲಿನಲ್ಲಿ; ಅವನ್ನು ಬಿಡಿಸಿ ಓದುವ ಕೀಲಿ ‘ಕೀ4’ ಎಂಬ ಇನ್ನೊಂದು ಫೈಲಿನಲ್ಲಿ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಕಳೆದುಕೊಂಡರೆ ಎರಡೂ ಕಳೆದುಕೊಂಡಂತೆಯೇ.

ಅಪ್‌ಡೇಟ್ ಬದಲಾಯಿಸುವುದು ಪ್ರೋಗ್ರಾಂ ಅನ್ನು. ಮನೆಯ ಮಾಡು, ಗೋಡೆ, ಬಾಗಿಲು ಎಲ್ಲ ಹೊಸದಾಗಿ ಕಟ್ಟಿ, ಒಳಗಿನ ಪೆಟ್ಟಿಗೆ ಪಾತ್ರೆಗಳನ್ನು ಇದ್ದಲ್ಲೇ ಬಿಟ್ಟ ಹಾಗೆ. ತೊಂದರೆ ಹುಟ್ಟುವುದು ಬಹಳ ಸಲ ಈ ಹೊಸದು ಆ ಹಳೆಯದನ್ನು ಮುಟ್ಟುವ ಜಾಗದಲ್ಲಿ. ಮೊದಲೆಲ್ಲ ಹೊಸ ಆವೃತ್ತಿ ಬರುವುದೇ ಅಪರೂಪ. ಫೈರ್‌ಫಾಕ್ಸ್‌ನ ಮೊದಲ ಆವೃತ್ತಿ ಬಂದದ್ದು 2004ರ ನವೆಂಬರ್‌ನಲ್ಲಿ. ನಾಲ್ಕನೆಯದು ಬರಲು 2011ರ ಮಾರ್ಚ್ ತನಕ ಕಾಯಬೇಕಾಯಿತು. ಆಮೇಲೆ ಆರು ವಾರಕ್ಕೊಂದು, ನಂತರ ನಾಲ್ಕು ವಾರಕ್ಕೊಂದು ಬರತೊಡಗಿದವು. ಕ್ರೋಮ್ ಕೂಡ 2021ರಲ್ಲಿ ನಾಲ್ಕು ವಾರದ ಲೆಕ್ಕಕ್ಕೆ ಬಂತು. ಅಂದರೆ ಹೊಸದು ಹಳೆಯದನ್ನು ಮುಟ್ಟುವ ಸಂದರ್ಭ ವರ್ಷಕ್ಕೆ ಹತ್ತಕ್ಕೂ ಹೆಚ್ಚು ಸಲ ಬರುತ್ತದೆ.

ಈಗ ‘ತೆಗೆದು ಮತ್ತೆ ಹಾಕುವ’ ಮಾತಿಗೆ ಬರೋಣ. ವಿಂಡೋಸ್‌ನಲ್ಲಿ ಫೈರ್‌ಫಾಕ್ಸನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಹೋಗುವುದು ಪ್ರೋಗ್ರಾಂ ಮಾತ್ರ. ಪ್ರೊಫೈಲ್ ಇದ್ದಲ್ಲೇ ಇರುತ್ತದೆ. ಹಾಗಾಗಿ ತೊಂದರೆ ಪ್ರೊಫೈಲಿನದಾಗಿದ್ದರೆ ಮತ್ತೆ ಹಾಕಿದ ಮೇಲೂ ಅದೇ ತೊಂದರೆ, ಅಷ್ಟೂ ಶ್ರಮ ವ್ಯರ್ಥ. ಕ್ರೋಮ್‌ನಲ್ಲಿ ಇದಕ್ಕಿಂತ ಹೆಚ್ಚು ಎಚ್ಚರ ಬೇಕು. ತೆಗೆಯುವಾಗ ಅದು ಒಂದು ಸಣ್ಣ ಚೌಕ ತೋರಿಸಿ, ನಿಮ್ಮ ಬ್ರೌಸಿಂಗ್ ಮಾಹಿತಿಯನ್ನೂ ಅಳಿಸಲೇ ಎಂದು ಕೇಳುತ್ತದೆ. ಅವಸರದಲ್ಲಿ ಅಲ್ಲಿ ಟಿಕ್ ಹಾಕಿದರೆ, ಗೂಗಲ್ ಖಾತೆಯ ಜೊತೆ ಸಿಂಕ್ ಮಾಡಿಕೊಂಡಿರದ ಎಲ್ಲವೂ ಅಲ್ಲಿಗೆ ಮುಗಿಯಿತು. ಗಂಡ ತೀರಿಕೊಂಡ ಮೇಲೆ ಪಿಂಚಣಿಯ ವಿವರ ಇರುವ ಖಾತೆಯ ಪಾಸ್‌ವರ್ಡ್ ಬ್ರೌಸರಿನಲ್ಲಿ ಮಾತ್ರ ಉಳಿದಿರುವ ಹೆಂಗಸರಿದ್ದಾರೆ. ಆ ಒಂದು ಟಿಕ್ಕಿನ ಬೆಲೆ ಅವರಿಗೆ ಎಷ್ಟೆಂದು ರಿಪೇರಿ ಮಾಡುವವರು ಒಂದು ಕ್ಷಣ ಯೋಚಿಸಬೇಕು.

ಬುಕ್‌ಮಾರ್ಕ್‌ಗಳು ಮಾಯವಾದವು ಎನ್ನುವಾಗ ಅವು ನಿಜಕ್ಕೂ ಅಳಿಸಿಹೋಗಿರುವುದು ಕಡಿಮೆ. 2019ರ ಮೇ 21ರಂದು ಫೈರ್‌ಫಾಕ್ಸ್ 67 ಬಂತು. ಅಲ್ಲಿಯವರೆಗೆ ಒಂದೇ ಕಂಪ್ಯೂಟರಿನಲ್ಲಿ ಎರಡು ಕಡೆ ಫೈರ್‌ಫಾಕ್ಸ್ ಹಾಕಿಕೊಂಡಿದ್ದರೆ ಎರಡೂ ಒಂದೇ ಪ್ರೊಫೈಲನ್ನು ಬಳಸುತ್ತಿದ್ದವು. 67ರಿಂದ ಒಂದೊಂದಕ್ಕೂ ಬೇರೆ ಪ್ರೊಫೈಲ್ ಎಂಬ ಏರ್ಪಾಡು ಬಂತು. ಆ ಏರ್ಪಾಡಿಗೆ ಒಳ್ಳೆಯ ಕಾರಣವಿತ್ತು. ಆದರೆ ಕೆಲವರಿಗೆ ಬೆಳಗ್ಗೆ ಕಂಡದ್ದು ಖಾಲಿ ಬ್ರೌಸರ್. ಅವರ ಹಳೆಯ ಪ್ರೊಫೈಲ್ ಡಿಸ್ಕಿನಲ್ಲಿ ಹಾಗೆಯೇ ಇತ್ತು, ಬ್ರೌಸರ್ ಬೇರೊಂದನ್ನು ತೆರೆದಿತ್ತು, ಅಷ್ಟೆ. ವಿಳಾಸ ಬರೆಯುವ ಜಾಗದಲ್ಲಿ ‘ಎಬೌಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಎರಡು ಚುಕ್ಕಿಯ ಕೋಲನ್ ಹಾಕಿ, ‘ಪ್ರೊಫೈಲ್ಸ್’ ಎಂದು ಬರೆದರೆ ಇರುವ ಎಲ್ಲ ಪ್ರೊಫೈಲ್‌ಗಳ ಪಟ್ಟಿ ಬರುತ್ತದೆ. ಅಲ್ಲಿ ಹಳೆಯದನ್ನು ಆರಿಸಿಕೊಂಡರೆ ಎಲ್ಲವೂ ವಾಪಸ್. ಆದರೆ ಖಾಲಿ ಪರದೆ ನೋಡಿ ಗಾಬರಿಯಾಗಿ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿಸಿದವರಿಗೆ ಎಲ್ಲಿಂದ ವಾಪಸ್ ಬರಬೇಕು?

ಅದೇ ವರ್ಷದ ಡಿಸೆಂಬರ್‌ನಲ್ಲಿ ಆಂಡ್ರಾಯ್ಡ್ ಫೋನುಗಳಿಗೆ ಕ್ರೋಮ್ 79 ಬಂದಾಗಲೂ ಇಂಥದ್ದೇ ನಡೆಯಿತು. ಕ್ರೋಮ್ ತನ್ನ ಮಾಹಿತಿ ಇಡುವ ಫೋಲ್ಡರಿನ ಜಾಗ ಬದಲಾಯಿಸಿತು. ಕೆಲವು ಬಗೆಯ ಮಾಹಿತಿಯನ್ನು ಹೊಸ ಜಾಗಕ್ಕೆ ಸಾಗಿಸುವ ಕೆಲಸ ಬಿಟ್ಟುಹೋಯಿತು. ಕ್ರೋಮ್‌ನ ಭಾಗವನ್ನೇ ಒಳಗೆ ಬಳಸಿಕೊಳ್ಳುವ ಎಷ್ಟೋ ಆ್ಯಪ್‌ಗಳು ತೆರೆದಾಗ ಬಳಕೆದಾರರ ಲೆಕ್ಕಪತ್ರ, ಟಿಪ್ಪಣಿ ಏನೂ ಕಾಣಲಿಲ್ಲ. ಸುಮಾರು ಅರ್ಧದಷ್ಟು ಸಾಧನಗಳಿಗೆ ತಲುಪಿದ್ದಾಗ ಗೂಗಲ್ ಹಂಚಿಕೆ ನಿಲ್ಲಿಸಿ ತಿದ್ದುಪಡಿ ಕಳಿಸಿತು. ಹಳೆಯ ಮಾಹಿತಿ ಫೋನಿನಲ್ಲೇ ಇತ್ತು. ಕಾದವರಿಗೆ ಸಿಗುವ ಅವಕಾಶವಿತ್ತು. ಆ್ಯಪ್ ಕಿತ್ತು ಮತ್ತೆ ಹಾಕಿದವರಿಗೆ ಅದೂ ಇರಲಿಲ್ಲ.

ಈ ಮಾತು ಮನಸ್ಸಿಗೆ ಇಳಿಯಬೇಕಾದರೆ 2019ರ ಮೇ 4ರ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಫೈರ್‌ಫಾಕ್ಸ್‌ಗೆ ಸೇರಿಸಿಕೊಳ್ಳುವ ಪ್ರತಿ ಎಕ್ಸ್‌ಟೆನ್ಷನ್‌ಗೂ, ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಸಂಸ್ಥೆಯ ಡಿಜಿಟಲ್ ಸಹಿ ಇರಬೇಕು. ಕಳ್ಳ ಎಕ್ಸ್‌ಟೆನ್ಷನ್‌ಗಳು ನುಸುಳದಿರಲಿ ಎಂದು ಮಾಡಿದ ನಿಯಮ. ಆ ಸಹಿಯನ್ನು ಖಚಿತಪಡಿಸುವ ನಡುವಿನ ಪ್ರಮಾಣಪತ್ರವೊಂದಕ್ಕೆ ಅವಧಿ ಇತ್ತು. ಮೇ 4ರ ಶನಿವಾರ, ಗ್ರೀನಿಚ್ ಕಾಲಮಾನದಲ್ಲಿ ಮಧ್ಯರಾತ್ರಿ ದಾಟಿದ ಹೊತ್ತಿಗೆ, ಅದು ಮುಗಿಯಿತು. ಅದನ್ನು ಸಮಯಕ್ಕೆ ಸರಿಯಾಗಿ ನವೀಕರಿಸಿರಲಿಲ್ಲ. ಬ್ರೌಸರ್ ಇಪ್ಪತ್ತನಾಲ್ಕು ಗಂಟೆಗೊಮ್ಮೆ ಸಹಿಗಳನ್ನು ಪರಿಶೀಲಿಸುತ್ತದೆ. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ, ಪ್ರಪಂಚದಾದ್ಯಂತ, ಎಕ್ಸ್‌ಟೆನ್ಷನ್‌ಗಳು ಆರಿಹೋಗತೊಡಗಿದವು. ಜಾಹೀರಾತು ತಡೆಯುವುದು, ಪಾಸ್‌ವರ್ಡ್ ಕಾಯುವುದು, ಎಲ್ಲವೂ. ಫೈರ್‌ಫಾಕ್ಸ್ ಆಧರಿಸಿದ ಟಾರ್ ಬ್ರೌಸರಿನಲ್ಲಿ, ಪುಟಗಳ ಸ್ಕ್ರಿಪ್ಟ್‌ಗಳನ್ನು ತಡೆಯುವ ರಕ್ಷಣೆಯೂ ಸದ್ದಿಲ್ಲದೆ ಕಳಚಿಕೊಂಡಿತು. ಸರ್ಕಾರಗಳ ಕಣ್ಣು ತಪ್ಪಿಸಿ ಬರೆಯುವ ಪತ್ರಕರ್ತರು ನಂಬಿಕೊಂಡಿರುವ ಬ್ರೌಸರ್ ಅದು.

ಬಳಕೆದಾರರಿಗೆ ಕಂಡದ್ದೇನು? ನಿನ್ನೆ ಇದ್ದದ್ದು ಇವತ್ತಿಲ್ಲ, ಅಷ್ಟೇ. ಅಪ್‌ಡೇಟ್ ಕೆಟ್ಟಿದೆ ಎಂದುಕೊಂಡವರು ಎಷ್ಟೋ ಮಂದಿ. ಆ ದಿನ ಮೊಜಿಲ್ಲಾ ಎಲ್ಲಕ್ಕಿಂತ ಮುಖ್ಯವಾಗಿ ಕೇಳಿಕೊಂಡದ್ದು ಒಂದನ್ನೇ: ದಯವಿಟ್ಟು ಯಾವ ಎಕ್ಸ್‌ಟೆನ್ಷನನ್ನೂ ತೆಗೆದು ಮತ್ತೆ ಹಾಕಬೇಡಿ, ತೆಗೆದರೆ ಅದರ ಜೊತೆಗಿನ ಮಾಹಿತಿಯೂ ಹೋಗುತ್ತದೆ. ಸುಮ್ಮನೆ ಕುಳಿತವರ ಮಾಹಿತಿ ಹಾಗೆಯೇ ಇತ್ತು. ಸಹಿ ಸರಿಹೋದೊಡನೆ ಎಕ್ಸ್‌ಟೆನ್ಷನ್‌ಗಳು ಮರಳಿದವು. ಮೊಜಿಲ್ಲಾ ಅದೇ ಹೆಸರಿನ, ಅದೇ ಕೀಲಿಯ ಹೊಸ ಪ್ರಮಾಣಪತ್ರವನ್ನು ಸಿದ್ಧಪಡಿಸಿ, ಪ್ರಯೋಗಗಳಿಗೆಂದು ಬ್ರೌಸರಿನಲ್ಲಿ ಇಟ್ಟುಕೊಂಡಿದ್ದ ‘ಸ್ಟಡೀಸ್’ ಎಂಬ ದಾರಿಯಿಂದ ಕಳಿಸಿತು. ಮರುದಿನ, ಮೇ 5ರಂದು, 66.0.4 ಆವೃತ್ತಿಯಲ್ಲಿ ತಿದ್ದುಪಡಿ ಬಂತು.

ಇದರ ಮುಂದಿನ ಭಾಗ ನನಗೆ ಬಹಳ ಹಿಡಿಸಿದ್ದು. ಬೇಗ ಸರಿಹೋಗಬೇಕಾದರೆ ಸ್ಟಡೀಸ್ ಸೌಲಭ್ಯವನ್ನು ಚಾಲೂ ಮಾಡಿ ಎಂದು ಮೊಜಿಲ್ಲಾ ಜನರಿಗೆ ಹೇಳಿತ್ತು. ಅದನ್ನು ಚಾಲೂ ಮಾಡಿದರೆ ಬಳಕೆಯ ಒಂದಿಷ್ಟು ಮಾಹಿತಿ ಕಂಪನಿಗೆ ಹೋಗುತ್ತದೆ. ಎಷ್ಟೋ ಜನ ಬೇಡವೆಂದೇ ಅದನ್ನು ಮುಚ್ಚಿಟ್ಟಿದ್ದರು. ತೊಂದರೆ ಪರಿಹಾರಕ್ಕೆಂದು ತೆರೆದ ಬಾಗಿಲಿನಿಂದ ಬಂದ ಮಾಹಿತಿಯನ್ನು ಇಟ್ಟುಕೊಳ್ಳುವುದು ಸರಿಯಲ್ಲವೆಂದು, ಮೇ 4ರಿಂದ ಒಂದು ವಾರ ಎಲ್ಲ ಬಳಕೆದಾರರಿಂದಲೂ ಬಂದಿದ್ದ ಆ ಮಾಹಿತಿಯನ್ನು ಮೊಜಿಲ್ಲಾ ಅಳಿಸಿಹಾಕುವುದಾಗಿ ಪ್ರಕಟಿಸಿತು. ಸಂಸ್ಥೆಯೊಂದು ತಪ್ಪು ಮಾಡಿದ ಮೇಲೆ ಹೀಗೆ ನಡೆದುಕೊಳ್ಳಬೇಕು.

ಇನ್ನೊಂದು ಘಟನೆ ಹೇಳುತ್ತೇನೆ. ಅಪ್‌ಡೇಟ್ ಆದ ಮೇಲೆ ಕೆಟ್ಟದ್ದೆಲ್ಲ ಅಪ್‌ಡೇಟ್‌ನಿಂದಲೇ ಕೆಟ್ಟದ್ದಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಫೈರ್‌ಫಾಕ್ಸ್ 96 ಹೊರಬಂದದ್ದು 2022ರ ಜನವರಿ 11ರಂದು. 13ನೆಯ ತಾರೀಕು ಪ್ರಪಂಚದ ನಾನಾ ಕಡೆ ಫೈರ್‌ಫಾಕ್ಸ್ ಯಾವ ಪುಟವನ್ನೂ ತೆರೆಯದೆ ನಿಂತುಬಿಟ್ಟಿತು. ಎರಡು ದಿನದ ಹಿಂದೆ ಅಪ್‌ಡೇಟ್ ಆಗಿದೆ, ಅದರದೇ ತಪ್ಪು ಎಂದು ಯಾರಿಗೂ ಅನಿಸುವುದು ಸಹಜ. ಆದರೆ ಹಳೆಯ ಆವೃತ್ತಿ ಇಟ್ಟುಕೊಂಡವರದೂ ಅದೇ ಪಾಡು! ಆಗಿದ್ದಿಷ್ಟು: ಮೊಜಿಲ್ಲಾ ಬಾಡಿಗೆಗೆ ಪಡೆದಿದ್ದ ಕ್ಲೌಡ್ ಸೇವೆಯಲ್ಲಿ ಮುನ್ಸೂಚನೆಯಿಲ್ಲದೆ ಒಂದು ಸೆಟ್ಟಿಂಗ್ ಬದಲಾಗಿ, ಎಚ್‌ಟಿಟಿಪಿ-3 ಎಂಬ ಹೊಸ ಸಂಪರ್ಕ ವಿಧಾನ ಚಾಲೂ ಆಯಿತು. ಫೈರ್‌ಫಾಕ್ಸ್‌ನ ಒಳಗೆ ಆ ವಿಧಾನವನ್ನು ನೋಡಿಕೊಳ್ಳುವ ಭಾಗದಲ್ಲಿ ಒಂದು ದೋಷ ಅಡಗಿತ್ತು. ಕಳಿಸುವ ಮಾಹಿತಿಯ ಉದ್ದ ಹೇಳುವ ಶೀರ್ಷಿಕೆಯಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಇರಬೇಕಾದಲ್ಲಿ ಚಿಕ್ಕಕ್ಷರ ಬಂದರೆ ಅದಕ್ಕೆ ಗುರುತು ಹತ್ತುತ್ತಿರಲಿಲ್ಲ. ಗುರುತು ಹತ್ತದೆ ಅದು ಕೊನೆಯಿಲ್ಲದ ಸುತ್ತಿಗೆ ಬಿತ್ತು. ಜಾಲದ ಎಲ್ಲ ಕೆಲಸವೂ ಅದೊಂದೇ ಎಳೆಯ ಮೇಲೆ ನಡೆಯುವುದರಿಂದ ಇಡೀ ಬ್ರೌಸರ್ ಸ್ತಬ್ಧ. ಒಂದು ಅಕ್ಷರದ ಗಾತ್ರ ಸುಮಾರು ಎರಡು ಗಂಟೆ ಕಾಲ ಪ್ರಪಂಚದ ಲೆಕ್ಕವಿಲ್ಲದಷ್ಟು ಬ್ರೌಸರ್‌ಗಳನ್ನು ಕಟ್ಟಿಹಾಕಿತು.

ಅದಕ್ಕೇ ನಾನು ಹೇಳುವುದು, ಕೈ ಹಾಕುವ ಮೊದಲು ತೊಂದರೆ ಎಲ್ಲಿದೆ ಎಂದು ಪತ್ತೆಮಾಡಿ. ಪತ್ತೆಮಾಡುವಾಗ ಏನನ್ನೂ ಅಳಿಸಬೇಡಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಬದಲಾಯಿಸಿದ್ದನ್ನು ಒಂದು ಚೀಟಿಯಲ್ಲಿ ಬರೆದಿಡಿ. ರೇಡಿಯೋ ಮಾತು ಕೇಳಿ ಮುಗಿಯುತ್ತಲೇ ಹಾರಿಹೋಗುತ್ತದೆ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಮೊದಲು ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಿರಿ, ಸಾಧ್ಯವಾದರೆ ಕಂಪ್ಯೂಟರನ್ನೇ ಒಮ್ಮೆ ರೀಸ್ಟಾರ್ಟ್ ಮಾಡಿ. ಹೇಳಲು ಸಪ್ಪೆ ಅನಿಸಬಹುದು. ಆದರೆ ಅಪ್‌ಡೇಟ್ ಆದ ಮೇಲೆ ಬರುವ ತೊಂದರೆಗಳಿಗೆ ಇದರಲ್ಲಿ ನಿಜವಾದ ತರ್ಕವಿದೆ. ಲಿನಕ್ಸ್ ಬಳಸುವವರಿಗೆ ಇದು ಗೊತ್ತಿರುತ್ತದೆ: ಬ್ರೌಸರ್ ಓಡುತ್ತಿರುವಾಗಲೇ ಹಿಂದಿನಿಂದ ಫೈಲ್‌ಗಳು ಬದಲಾದರೆ, ನೆನಪಿನಲ್ಲಿರುವುದು ಹಳೆಯ ಪ್ರೋಗ್ರಾಂ, ಡಿಸ್ಕಿನಲ್ಲಿರುವುದು ಹೊಸದು. ಹೊಸ ಟ್ಯಾಬ್ ತೆರೆಯಲು ಹೋದರೆ ಎರಡಕ್ಕೂ ಹೊಂದುವುದಿಲ್ಲ. ವಿಂಡೋಸ್‌ನಲ್ಲಿ ಕಿಟಕಿ ಮುಚ್ಚಿದರೂ ಬ್ರೌಸರ್ ಒಳಗೆ ಓಡುತ್ತಲೇ ಇರಬಹುದು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಅದರ ಹೆಸರು ಕಾಣುತ್ತದೆ. ಅಲ್ಲಿ ನಿಲ್ಲಿಸಿ ಮತ್ತೆ ತೆರೆಯಿರಿ.

ಆಮೇಲೆ ಗಡಿಯಾರ ನೋಡಿ. ಹೌದು, ಕಂಪ್ಯೂಟರಿನ ಮೂಲೆಯ ಗಡಿಯಾರ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ, ಕರೆಂಟು ಹೋಗಿ ಬಂದಾಗ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಪ್ರತಿ ಸುರಕ್ಷಿತ ತಾಣದ ಪ್ರಮಾಣಪತ್ರಕ್ಕೂ ಶುರುವಿನ ದಿನ, ಕೊನೆಯ ದಿನ ಇರುತ್ತವೆ. ತಾರೀಕು ತಪ್ಪಿದರೆ ಎಲ್ಲ ತಾಣಗಳೂ ಅಸುರಕ್ಷಿತವೆಂದು ಕಾಣುತ್ತವೆ. ಹಳ್ಳಿಯ ಶಾಲೆಗಳಲ್ಲಿ, ಸೊಸೈಟಿಗಳಲ್ಲಿ ಇದೊಂದು ಸಣ್ಣ ಬ್ಯಾಟರಿಯ ಸಲುವಾಗಿ ಬ್ರೌಸರನ್ನು ಬೈಯುವುದು ಬೇಡ.

ಆಂಟಿವೈರಸ್ ಕೂಡ ಇಂಥದೇ ಎಚ್ಚರಿಕೆ ತರಿಸಬಲ್ಲದು. ಫೈರ್‌ಫಾಕ್ಸ್ 65 ಬಂದಾಗ, 2019ರ ಆರಂಭದಲ್ಲಿ, ಅವಾಸ್ಟ್ ಮತ್ತು ಎವಿಜಿ ಇದ್ದ ಕಂಪ್ಯೂಟರುಗಳಲ್ಲಿ ಸುರಕ್ಷಿತ ತಾಣಗಳು ತೆರೆಯದೆ ಹೋದವು. ಆ ಆಂಟಿವೈರಸ್‌ಗಳು ಸಂಪರ್ಕದ ನಡುವೆ ಕುಳಿತು, ತಮ್ಮದೇ ಪ್ರಮಾಣಪತ್ರ ಕೊಟ್ಟು, ಒಳಗಿನದನ್ನು ಪರಿಶೀಲಿಸುತ್ತಿದ್ದವು. ಹೊಸ ಫೈರ್‌ಫಾಕ್ಸ್ ಅದನ್ನು ನಂಬಲಿಲ್ಲ. ಮೊಜಿಲ್ಲಾ ವಿಂಡೋಸ್‌ಗೆ ಅಪ್‌ಡೇಟ್ ಕಳಿಸುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಿತು, ಆಂಟಿವೈರಸ್ ಕಂಪನಿ ಫೈರ್‌ಫಾಕ್ಸ್‌ನಲ್ಲಿ ಆ ಪರಿಶೀಲನೆಯನ್ನೇ ತೆಗೆದುಹಾಕಿತು. ಎಚ್ಚರಿಕೆ ಬಂದಾಗ ‘ಪರವಾಗಿಲ್ಲ, ಮುಂದೆ ಹೋಗು’ ಎಂಬ ಗುಂಡಿ ಒತ್ತುವುದನ್ನು ಮಾತ್ರ ಯಾರಿಗೂ ಕಲಿಸಬೇಡಿ. ಅದೇ ಗುಂಡಿ ಒತ್ತಿಸುವುದಕ್ಕೇ ಕಾಯುವ ಮೋಸಗಾರರಿದ್ದಾರೆ.

ಇಷ್ಟಕ್ಕೂ ಸರಿಹೋಗದಿದ್ದರೆ ಅದೇ ಪುಟವನ್ನು ಖಾಸಗಿ ಕಿಟಕಿಯಲ್ಲಿ ತೆರೆದು ನೋಡಿ. ಕ್ರೋಮ್‌ನಲ್ಲಿ ಇದಕ್ಕೆ ಇನ್‌ಕಾಗ್ನಿಟೋ ಎನ್ನುತ್ತಾರೆ. ನೀವಾಗಿ ಅನುಮತಿ ಕೊಟ್ಟಿರದಿದ್ದರೆ ಅಲ್ಲಿ ಎಕ್ಸ್‌ಟೆನ್ಷನ್‌ಗಳು ಕೆಲಸ ಮಾಡುವುದಿಲ್ಲ, ಹಳೆಯ ಕುಕಿಗಳೂ ಇರುವುದಿಲ್ಲ. ಅಲ್ಲಿ ಪುಟ ಚೆನ್ನಾಗಿ ತೆರೆದರೆ ಪ್ರೋಗ್ರಾಂ ಸರಿಯಾಗಿಯೇ ಇದೆ. ತಪ್ಪು ಎಕ್ಸ್‌ಟೆನ್ಷನ್ ಅಥವಾ ಕುಕಿಯದು. ಫೈರ್‌ಫಾಕ್ಸ್‌ನಲ್ಲಿ ಇದಕ್ಕಿಂತ ಚೂಪಾದ ಸಾಧನವೊಂದಿದೆ: ಹೆಲ್ಪ್ ಮೆನುವಿನ ಟ್ರಬಲ್‌ಶೂಟ್ ಮೋಡ್. ಹಿಂದೆ ಇದನ್ನೇ ಸೇಫ್ ಮೋಡ್ ಎನ್ನುತ್ತಿದ್ದರು. ಬ್ರೌಸರೇ ತೆರೆಯದಿದ್ದರೆ ವಿಂಡೋಸ್‌ನಲ್ಲಿ ಶಿಫ್ಟ್ ಕೀಲಿ ಒತ್ತಿಹಿಡಿದು ಐಕಾನ್ ಕ್ಲಿಕ್ಕಿಸಿದರೂ ಈ ಮೋಡ್ ಬರುತ್ತದೆ. ಅದು ಎಕ್ಸ್‌ಟೆನ್ಷನ್‌ಗಳನ್ನೂ, ಗ್ರಾಫಿಕ್ಸ್ ಕಾರ್ಡಿನ ನೆರವನ್ನೂ, ನೀವು ಮಾಡಿಕೊಂಡ ಅಲಂಕಾರವನ್ನೂ ಆ ಒಂದು ಸಲಕ್ಕೆ ಮಾತ್ರ ಬದಿಗಿಟ್ಟು ಬ್ರೌಸರನ್ನು ತೆರೆಯುತ್ತದೆ. ಏನೂ ಅಳಿಯುವುದಿಲ್ಲ. ಇದರಲ್ಲಿ ಸರಿಯಾಗಿ ನಡೆದರೆ ಅನುಮಾನ ಎರಡೋ ಮೂರೋ ಕಡೆಗೆ ಇಳಿಯಿತು.

ಎಕ್ಸ್‌ಟೆನ್ಷನ್ ಮೇಲೆ ಅನುಮಾನವಿದ್ದು ಅವು ಬಹಳ ಇದ್ದರೆ, ಅರ್ಧ ಭಾಗವನ್ನು ಆಫ್ ಮಾಡಿ. ಆಫ್ ಮಾಡುವುದು, ತೆಗೆಯುವುದಲ್ಲ. ತೊಂದರೆ ಹೋಯಿತೇ? ಹಾಗಾದರೆ ಕಳ್ಳ ಆ ಅರ್ಧದಲ್ಲಿದ್ದಾನೆ. ಅದರಲ್ಲಿ ಮತ್ತೆ ಅರ್ಧ. ಹದಿನಾರು ಎಕ್ಸ್‌ಟೆನ್ಷನ್‌ಗಳಿದ್ದರೂ ನಾಲ್ಕೇ ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ. ಬ್ರೌಸರ್ ಬರೆಯುವ ಎಂಜಿನಿಯರುಗಳೂ ಇದೇ ಲೆಕ್ಕವನ್ನೇ ನಂಬಿದ್ದಾರೆ. ಯಾವ ದಿನದ ಆವೃತ್ತಿಯಿಂದ ದೋಷ ಶುರುವಾಯಿತೆಂದು ಅರ್ಧರ್ಧ ಮಾಡುತ್ತಾ ಹುಡುಕಲು ಮೊಜಿಲ್ಲಾದವರು ‘ಮೊಜ್‌ರಿಗ್ರೆಷನ್’ ಎಂಬ ಸಾಧನವನ್ನೇ ಮಾಡಿಟ್ಟಿದ್ದಾರೆ. ಯಾರು ಬೇಕಾದರೂ ಬಳಸಬಹುದು.

ಪುಟ ಕಪ್ಪಾಗುವುದು, ಅಕ್ಷರ ಹರಿದಂತೆ ಕಾಣುವುದು, ವಿಡಿಯೋ ಹಸಿರಾಗುವುದು ಇವೆಲ್ಲ ಹೆಚ್ಚಾಗಿ ಗ್ರಾಫಿಕ್ಸ್ ಡ್ರೈವರಿನ ದೂರು. ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಲರೇಷನ್ ಆಫ್ ಮಾಡಿ ನೋಡಿ. ಸರಿಯಾದರೆ ಡ್ರೈವರ್ ಹೊಸದು ಹಾಕಿಸಿ, ಮತ್ತೆ ಆನ್ ಮಾಡಿ.

ಇದೆಲ್ಲ ಆದ ಮೇಲೂ ತೊಂದರೆ ಉಳಿದರೆ, ಆಗ ಹೊಸ ಪ್ರೊಫೈಲ್ ಒಂದನ್ನು ಮಾಡಿ ನೋಡಬೇಕು. ಹಳೆಯದನ್ನು ಮುಟ್ಟುವುದು ಬೇಡ. ಹೊಸದರಲ್ಲಿ ಎಲ್ಲ ಸರಿಯಿದ್ದರೆ ಕಾಯಿಲೆ ಹಳೆಯ ಪ್ರೊಫೈಲಿನದು. ಅದಕ್ಕೆ ಫೈರ್‌ಫಾಕ್ಸ್‌ನಲ್ಲಿ ‘ರಿಫ್ರೆಶ್’ ಎಂಬ ಗುಂಡಿಯಿದೆ. ಬುಕ್‌ಮಾರ್ಕ್, ಇತಿಹಾಸ, ಪಾಸ್‌ವರ್ಡ್, ಕುಕಿ ಉಳಿಸಿಕೊಂಡು ಎಕ್ಸ್‌ಟೆನ್ಷನ್‌ಗಳನ್ನೂ ಬದಲಾಯಿಸಿದ ಸೆಟ್ಟಿಂಗ್‌ಗಳನ್ನೂ ತೆಗೆದುಹಾಕುತ್ತದೆ. ಕ್ರೋಮ್‌ನ ‘ರೀಸೆಟ್’ ಕೂಡ ಬುಕ್‌ಮಾರ್ಕ್, ಇತಿಹಾಸ, ಪಾಸ್‌ವರ್ಡ್‌ಗಳನ್ನು ಮುಟ್ಟುವುದಿಲ್ಲ. ಕುಕಿಗಳು ಹೋಗುತ್ತವೆ, ಹಾಗಾಗಿ ತಾಣಗಳಿಗೆ ಮತ್ತೆ ಲಾಗಿನ್ ಆಗಬೇಕಾಗುತ್ತದೆ. ಹಳೆಯ ಆವೃತ್ತಿಗೇ ಹಿಂದಿರುಗುತ್ತೇನೆ ಎನ್ನುವವರಿಗೆ ಒಂದು ಮಾತು. ಹೊಸ ಆವೃತ್ತಿ ಒಮ್ಮೆ ತೆರೆದ ಪ್ರೊಫೈಲನ್ನು ಹಳೆಯದರಲ್ಲಿ ತೆರೆದರೆ ಅದು ಕೆಡುವ ಸಂಭವವಿದೆ. ಅದಕ್ಕೇ ಫೈರ್‌ಫಾಕ್ಸ್ 67ರಿಂದ ಈಚೆಗೆ ಎಚ್ಚರಿಕೆ ಕೊಟ್ಟು, ಹೊಸ ಪ್ರೊಫೈಲ್ ಮಾಡಿಕೊಳ್ಳಿ ಎನ್ನುತ್ತದೆ.

ತಪ್ಪು ಬ್ರೌಸರಿನದೂ ಅಲ್ಲ, ನಿಮ್ಮದೂ ಅಲ್ಲ, ತಾಣದ್ದೇ ಆಗಿರುವ ಸಂದರ್ಭಗಳೂ ಬಹಳ. 2009ರಲ್ಲಿ ಒಪೆರಾ ಬ್ರೌಸರಿನ ಹತ್ತನೆಯ ಆವೃತ್ತಿ ಬಂದಾಗ, ಎಷ್ಟೋ ತಾಣಗಳು ಹತ್ತರ ಮೊದಲ ಅಂಕಿಯನ್ನು ಮಾತ್ರ ಓದಿ, ಇದು ಮೊದಲನೆಯ ಆವೃತ್ತಿ, ಬಹಳ ಹಳೆಯದು ಎಂದು ಬಾಗಿಲು ಹಾಕಿದವು. ಒಪೆರಾ ಬೇರೆ ದಾರಿಯಿಲ್ಲದೆ ತನ್ನನ್ನು 9.80 ಎಂದು ಹೇಳಿಕೊಂಡು, ನಿಜವಾದ ಸಂಖ್ಯೆಯನ್ನು ಸಾಲಿನ ಕೊನೆಗೆ ಸೇರಿಸಿತು. 2022ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ನೂರಕ್ಕೆ ಬಂದಾಗ ಅದೇ ಭಯವಿತ್ತು. ಅವರು ತಿಂಗಳುಗಟ್ಟಲೆ ಮೊದಲೇ ಪರೀಕ್ಷಿಸಿಕೊಂಡರು. ತಾಣ ಕಟ್ಟುವವರು ಬ್ರೌಸರಿನ ಹೆಸರು, ಸಂಖ್ಯೆ ನೋಡಿ ಒಳಗೆ ಬಿಡುವುದನ್ನು ನಿಲ್ಲಿಸಬೇಕು. ಬೇಕಾದ ಸೌಲಭ್ಯ ಇದೆಯೋ ಇಲ್ಲವೋ ಎಂದು ನೋಡಬೇಕು.

ನಮ್ಮ ದೇಶದ ಸರ್ಕಾರಿ ತಾಣಗಳಿಗೆ ಈ ಮಾತನ್ನು ಜೋರಾಗಿ ಹೇಳಬೇಕಾಗಿದೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಳಸಿದರೆ ಉತ್ತಮ ಎಂಬ ಸೂಚನೆ ಹೊತ್ತ ಪುಟಗಳು ಎಷ್ಟು ವರ್ಷ ಇದ್ದವು! ಮೈಕ್ರೋಸಾಫ್ಟ್ ಆ ಬ್ರೌಸರಿಗೆ 2022ರ ಜೂನ್ 15ರಂದು ವಿದಾಯ ಹೇಳಿತು. ಡಿಜಿಟಲ್ ಸಹಿಯ ವಿಚಾರ ಇನ್ನೂ ಕಷ್ಟದ್ದು. ಯುಎಸ್‌ಬಿ ಟೋಕನ್ ಸಿಕ್ಕಿಸಿ, ಜಾವಾ ಪ್ಲಗಿನ್ ಮೂಲಕ ಸಹಿ ಹಾಕುವ ಪದ್ಧತಿಯಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ 45, 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ 52, ಆ ಬಗೆಯ ಪ್ಲಗಿನ್‌ಗಳನ್ನು ಕೈಬಿಟ್ಟವು. ಲೆಕ್ಕಪರಿಶೋಧಕರು, ಗುತ್ತಿಗೆದಾರರು ಹಳೆಯ ಬ್ರೌಸರಿಗೆ ಅಂಟಿಕೊಂಡದ್ದು ಹಟಕ್ಕಲ್ಲ, ತಾಣ ಬದಲಾಗದೆ ಇದ್ದದ್ದಕ್ಕೆ. ಈಗ ಸಹಿ ಹಾಕಿಸುವ ಸಣ್ಣ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನಲ್ಲೇ ಕೂತಿರುತ್ತದೆ, ತಾಣ ಅದರ ಜೊತೆ ಬ್ರೌಸರಿನ ಮೂಲಕ ಮಾತಾಡುತ್ತದೆ. 2025ರ ಕೊನೆಯಲ್ಲಿ ಬಂದ ಕ್ರೋಮ್ 142ರಿಂದ, ತಾಣವೊಂದು ಹೀಗೆ ನಿಮ್ಮ ಕಂಪ್ಯೂಟರಿನ ಒಳಗೋ ಮನೆಯ ಜಾಲದೊಳಗೋ ಕೈಚಾಚುವ ಮೊದಲು ಬ್ರೌಸರ್ ನಿಮ್ಮ ಅನುಮತಿ ಕೇಳುತ್ತದೆ. ಒಳ್ಳೆಯ ಕಾವಲು. ಆದರೆ ಅವಸರದಲ್ಲಿ ಬೇಡವೆಂದು ಒತ್ತಿದ್ದರೆ ಟೋಕನ್ ಇದ್ದೂ ತಾಣಕ್ಕೆ ಕಾಣದು. ವಿಳಾಸದ ಪಕ್ಕದ ಚಿಹ್ನೆ ಒತ್ತಿ, ಆ ತಾಣದ ಅನುಮತಿಗಳ ಪಟ್ಟಿಯಲ್ಲಿ ಸರಿಪಡಿಸಿಕೊಳ್ಳಿ. ಗುರುತು ಪರಿಚಯವಿಲ್ಲದ ತಾಣ ಕೇಳಿದರೆ ಬೇಡ ಎನ್ನುವುದೇ ಸರಿ.

ಫೋನಿನವರಿಗೂ ಒಂದು ಮಾತು. 2021ರ ಮಾರ್ಚ್ 22, 23ರ ಸುಮಾರಿಗೆ ಆಂಡ್ರಾಯ್ಡ್ ಫೋನುಗಳಲ್ಲಿ ಜಿಮೇಲ್ ಮೊದಲಾದ ಆ್ಯಪ್‌ಗಳು ತೆರೆದೊಡನೆ ಮುಚ್ಚಿಕೊಳ್ಳತೊಡಗಿದವು. ಆ್ಯಪ್‌ಗಳ ಒಳಗೆ ಜಾಲಪುಟ ತೋರಿಸುವ ‘ವೆಬ್‌ವ್ಯೂ’ ಎಂಬ ಭಾಗದಲ್ಲಿ ದೋಷವಿತ್ತು. ಪ್ಲೇಸ್ಟೋರ್‌ನಲ್ಲಿ ವೆಬ್‌ವ್ಯೂ ಮತ್ತು ಕ್ರೋಮ್ ಎರಡನ್ನೂ ಹೊಸದಕ್ಕೆ ತಂದರೆ ಸಾಕಾಯಿತು. ಎಲ್ಲ ಆ್ಯಪ್‌ಗಳೂ ಒಟ್ಟಿಗೇ ಕೆಟ್ಟರೆ ಒಂದೊಂದನ್ನೂ ಕಿತ್ತುಹಾಕಲು ಹೋಗಬೇಡಿ, ಎಲ್ಲಕ್ಕೂ ಕೆಳಗಿರುವ ಒಂದನ್ನು ಅನುಮಾನಿಸಿ.

ಇನ್ನು ಎರಡನೆಯ ಸಲಹೆ, ಅಪ್‌ಡೇಟೇ ನಿಲ್ಲಿಸುವುದು. 2023ರ ಸೆಪ್ಟೆಂಬರ್‌ನಲ್ಲಿ ‘ವೆಬ್‌ಪಿ’ ಎಂಬ ಬಗೆಯ ಚಿತ್ರಗಳನ್ನು ಬಿಡಿಸುವ ತುಣುಕಿನಲ್ಲಿ ದೋಷ ಸಿಕ್ಕಿತು. ಬೇಕೆಂದೇ ಕೆಡಿಸಿ ಮಾಡಿದ ಒಂದು ಚಿತ್ರ ಇರುವ ಪುಟ ತೆರೆದರೂ ಸಾಕು, ದಾಳಿಕೋರ ಒಳಗೆ ಬರಬಹುದಿತ್ತು. ಆ ದೋಷವನ್ನು ಆಗಲೇ ಯಾರೋ ದಾಳಿಗೆ ಬಳಸುತ್ತಿದ್ದರು ಕೂಡ. ಕ್ರೋಮ್ ಸೆಪ್ಟೆಂಬರ್ 11ಕ್ಕೆ, ಫೈರ್‌ಫಾಕ್ಸ್ ಮರುದಿನ ತಿದ್ದುಪಡಿ ಕಳಿಸಿದವು. ಅಪ್‌ಡೇಟ್ ಮುಚ್ಚಿಟ್ಟವರಿಗೆ ಅದು ತಲುಪಲಿಲ್ಲ. ನಿಲ್ಲಿಸಿದರೆ ಇದ್ದದ್ದು ಹಾಗೇ ಇರುತ್ತದೆ ಎಂಬುದೂ ಸುಳ್ಳು: 2025ರ ಮಾರ್ಚ್ 14ರಂದು ಮೊಜಿಲ್ಲಾದ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. ಈ ಸಲ ಅವರು ಮೊದಲೇ ಎಚ್ಚರಿಸಿದ್ದರು. 128ಕ್ಕಿಂತ ಹಳೆಯ ಫೈರ್‌ಫಾಕ್ಸ್ ಇದ್ದವರು, 115ನೆಯ ದೀರ್ಘಾವಧಿ ಆವೃತ್ತಿಯಾದರೆ 115.13ಕ್ಕಿಂತ ಹಿಂದಿನದು ಇದ್ದವರು, ಅಪ್‌ಡೇಟ್ ಮಾಡಿಕೊಳ್ಳದಿದ್ದರೆ ಎಕ್ಸ್‌ಟೆನ್ಷನ್ ಕಳೆದುಕೊಳ್ಳಬೇಕಿತ್ತು. ಹೊಸದು ಕೆಟ್ಟೀತೆಂದು ಹಳೆಯದರಲ್ಲಿ ಕೂತವರಿಗೇ ಕೆಟ್ಟಿತು. ವಿಂಡೋಸ್ 7 ಇನ್ನೂ ಓಡಿಸುತ್ತಿರುವ ಶಾಲೆ, ಕಚೇರಿಗಳ ಪಾಡು ಬೇರೆ. ಕ್ರೋಮ್ ಅಲ್ಲಿಗೆ 109ರಲ್ಲೇ ನಿಂತಿತು, ಫೈರ್‌ಫಾಕ್ಸ್‌ಗೂ 115ರ ಆ ದೀರ್ಘಾವಧಿ ಆವೃತ್ತಿಯೇ ಕೊನೆ. ಅಲ್ಲಿ ಬದಲಾಗಬೇಕಾದ್ದು ಆಪರೇಟಿಂಗ್ ಸಿಸ್ಟಂ. ಹಳೆಯ ಯಂತ್ರಕ್ಕೆ ಹಗುರವಾದ ಲಿನಕ್ಸ್ ಹಾಕಿಸಿದರೆ ಇನ್ನೂ ಕೆಲವು ವರ್ಷ ಮಕ್ಕಳಿಗೆ ಕೆಲಸಕ್ಕೆ ಬರುತ್ತದೆ.

ಯಾರನ್ನಾದರೂ ನೆರವು ಕೇಳುವಾಗ ‘ಬ್ರೌಸರ್ ಬರ್ತಿಲ್ಲ’ ಎಂದಷ್ಟೇ ಹೇಳಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ಆವೃತ್ತಿ ಸಂಖ್ಯೆ, ಯಾವ ದಿನದಿಂದ, ಯಾವ ಪುಟದಲ್ಲಿ, ಪರದೆಯ ಮೇಲೆ ಬಂದ ಸಂದೇಶ ಏನು, ನೀವಾಗಲೇ ಏನೇನು ಮಾಡಿದಿರಿ ಎಂಬುದನ್ನು ಹೇಳಿ. ಆಗ ಆ ಚೀಟಿ ಉಪಯೋಗಕ್ಕೆ ಬರುತ್ತದೆ. ತೊಂದರೆ ಕಳೆದ ಮೇಲೂ ಚೀಟಿಯನ್ನು ಒಮ್ಮೆ ನೋಡಿ, ತಾತ್ಕಾಲಿಕವಾಗಿ ಬದಲಾಯಿಸಿದ್ದನ್ನೆಲ್ಲ ಮೊದಲಿನಂತೆ ಮಾಡಿ. 2022ರ ಜನವರಿಯಲ್ಲಿ ಎಚ್‌ಟಿಟಿಪಿ-3 ಅನ್ನು ಆಫ್ ಮಾಡಿ ಪಾರಾದವರಲ್ಲಿ ಮತ್ತೆ ಆನ್ ಮಾಡಲು ಮರೆತವರು ಇರಬಹುದು. ಅವರ ಬ್ರೌಸರ್ ಇವತ್ತಿಗೂ ಆ ಸೌಲಭ್ಯವಿಲ್ಲದೆ ಓಡುತ್ತಿದೆ.

ಫೈರ್‌ಫಾಕ್ಸ್ ರಿಫ್ರೆಶ್ ಮಾಡಿದವರಿಗೆ ಕೊನೆಯದಾಗಿ ಒಂದು ಕೆಲಸ ಉಳಿದಿರುತ್ತದೆ. ‘ಓಲ್ಡ್ ಫೈರ್‌ಫಾಕ್ಸ್ ಡೇಟಾ’ ಎಂಬ ಹೆಸರಿನ ಫೋಲ್ಡರ್ ಡೆಸ್ಕ್‌ಟಾಪ್ ಮೇಲೆ ಬಂದು ಕೂತಿರುತ್ತದೆ. ಏನಾದರೂ ಬಿಟ್ಟುಹೋಗಿದ್ದರೆ ಹುಡುಕಿಕೊಳ್ಳಲಿ ಎಂದು ಹಳೆಯ ಪ್ರೊಫೈಲನ್ನು ಬ್ರೌಸರ್ ಅಲ್ಲಿ ಇಟ್ಟಿರುತ್ತದೆ. ನಾನು ಮೊದಲು ಹೇಳಿದ ಪಾಸ್‌ವರ್ಡ್ ಫೈಲೂ ಅದರ ಕೀಲಿಯೂ ಒಟ್ಟಿಗೇ ಅದರೊಳಗಿವೆ. ನಾಲ್ಕಾರು ಜನ ಬಳಸುವ ಕಂಪ್ಯೂಟರಾದರೆ ಅದನ್ನು ಹಾಗೆ ಬಿಡಬೇಡಿ. ಎಲ್ಲವೂ ಮರಳಿ ಬಂದಿದೆಯೆಂದು ಒಂದೆರಡು ದಿನ ನೋಡಿಕೊಂಡು, ಅದನ್ನು ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ.